ದಿಲ್ಲಿಯವರ ಸಜ್ಜೆ ರೊಟ್ಟಿ

ನನಗೆ ಸಿಟ್ಟು ಬರಲು ಕಾರಣ ಬೇಕಿಲ್ಲ, ನೆಪ ಸಾಕು. ಕಂಪ್ಲಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ತಪ್ಪು ಕಿವಿಗೆ ಬಿದ್ದರೆ ತಿದ್ದದೆ ಬಿಟ್ಟವಳೇ ಅಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ತಿದ್ದಿದ್ದೇನೆ, ಸತ್ತವರ ಮನೆಯ ಕಟ್ಟೆಯ ಮೇಲೆ ಕೂತೂ ತಿದ್ದಿದ್ದೇನೆ. ನಿವೃತ್ತಿಯಾಗಿ ಹೊಸಪೇಟೆಗೆ ಬಂದ ಮೇಲೆ ತಿದ್ದಲು ಯಾರೂ ಸಿಗದೆ ಒಂದು ವರ್ಷ ಒದ್ದಾಡಿದೆ. ಆಗ ಸಿಕ್ಕಿದ್ದು ಈ ಕೆಲಸ. ಜೀವಕ್ಕೇ ಕುತ್ತು ತರುವ ಕಾಯಿಲೆ ಬಿದ್ದ ಮಕ್ಕಳ ಮನೆಗೆ ಹೋಗುವುದು, ‘ನಿನಗೇನು ಆಸೆ ಐತಿ?’ ಎಂದು ಕೇಳುವುದು, ಅದನ್ನು ಹೇಗಾದರೂ ಮಾಡಿ ನಡೆಸಿಕೊಡುವುದು. ಅಂಥದೊಂದು ಸಂಸ್ಥೆಯ ಸ್ವಯಂಸೇವಕಿ ನಾನು. ಇಷ್ಟು ಮಜಾ ಇರುವ ಕೆಲಸ ಈ ಜನ್ಮದಲ್ಲಿ ಇನ್ನೊಂದು ಮಾಡಿಲ್ಲ.

ಜನ ಲೊಚಗುಟ್ಟುತ್ತಾರೆ. ‘ಅಂಥಾ ಮಕ್ಕಳನ್ನ ಹೆಂಗ ನೋಡ್ತೀರಿ ಟೀಚರ್, ಕರುಳು ಚುರ್ ಅನ್ನಂಗಿಲ್ಲೇನ್ರಿ?’ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ? ಆದರೆ ಆಸೆ ಕೇಳುವಾಗ ಆ ಮಕ್ಕಳ ಮುಖ ನೋಡಬೇಕು ನೀವು! ಒಬ್ಬ ಹುಡುಗನಿಗೆ ಸಂಡೂರಿನ ಗಣಿಯ ದೊಡ್ಡ ಡಂಪರ್ ಹತ್ತಿ ಹಾರ್ನ್ ಹೊಡೆಯುವ ಆಸೆ. ಗುಡ್ಡಕ್ಕೆ ಗುಡ್ಡವೇ ಎದ್ದು ಕೂರುವಂತೆ ಹೊಡೆದ. ಚೋರನೂರಿನ ಒಂದು ಪುಟ್ಟ ಹುಡುಗಿ ತನ್ನ ಆಡಿಗೆ ಬರ್ತ್‌ಡೇ ಮಾಡಬೇಕು ಅಂದಳು. ಆಡು ಕೇಕು ತಿಂದು, ಬಣ್ಣದ ಟೋಪಿ ತಿಂದು, ನನ್ನ ಸೀರೆಯ ಸೆರಗಿಗೂ ಬಾಯಿ ಹಾಕಿತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಬಂದೆವು ಅವತ್ತು.

ನನ್ನ ಜೋಡಿದಾರರು ಸಂಡೂರಿನ ಒಂದು ಗಣಿಯಲ್ಲಿ ಸೇಫ್ಟಿ ಆಫೀಸರ್. ಮಗುವನ್ನು ನೋಡಲು ಯಾವಾಗಲೂ ಇಬ್ಬರು ಹೋಗಬೇಕೆಂಬುದು ಸಂಸ್ಥೆಯ ನಿಯಮ. ನಾನು ಅವರನ್ನು ಸೇಫ್ಟಿ ಸಾಹೇಬರು ಅಂತಲೇ ಕರೆಯುತ್ತೇನೆ. ಜೇಬಿನಲ್ಲಿ ಸ್ಯಾನಿಟೈಸರ್, ಕೈಯಲ್ಲಿ ಫಾರಂ, ಬಾಯಲ್ಲಿ ‘ಮೇಡಂ, ರಿಸ್ಕ್ ಐತ್ರಿ’. ಒಳ್ಳೆಯ ಮನುಷ್ಯ. ಆದರೆ ನಿಂತ ನೆಲಕ್ಕೂ ಹೆಲ್ಮೆಟ್ ಹಾಕುವ ಪೈಕಿ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ನಾವಿಬ್ಬರೂ ಬುಕ್ಕಸಾಗರಕ್ಕೆ ಹೋದೆವು. ಹುಡುಗಿಗೆ ಹನ್ನೊಂದು ವರ್ಷ. ಅಪ್ಪ ಹಂಪಿಯಲ್ಲಿ ಆಟೊ ಓಡಿಸುತ್ತಾನೆ, ಅವ್ವ ಭತ್ತದ ಗದ್ದೆಗೆ ಕೂಲಿಗೆ ಹೋಗುತ್ತಾಳೆ, ಒಬ್ಬ ತಮ್ಮ ಇದ್ದಾನೆ. ಹುಡುಗಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಒಂದು ವರ್ಷವಾಗಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗುವುದು, ಬರುವುದು ನಡೆದೇ ಇತ್ತು. ಈಗ ತಮ್ಮನ ಅಸ್ಥಿಮಜ್ಜೆ ತೆಗೆದು ಅವಳಿಗೆ ಹಾಕಬೇಕೆಂದು ಡಾಕ್ಟರು ಹೇಳಿದ್ದರು. ಹಬ್ಬ ಮುಗಿದು ಬರುವ ಸೋಮವಾರ ಹೋಗಿ ಸೇರಬೇಕು. ಆಮೇಲೆ ತಿಂಗಳುಗಟ್ಟಲೆ ಒಂದೇ ಕೋಣೆ. ಅದಕ್ಕೆ ಮುಂಚೆ ಮನೆಯಲ್ಲಿ ಸಿಕ್ಕಿದ್ದು ಹತ್ತು ದಿನ ಮಾತ್ರ.

ಅಪ್ಪ ಅವ್ವನನ್ನು ಹೊರಗೆ ಕೂರಿಸಿದೆವು. ಅವರು ಎದುರಿಗಿದ್ದರೆ ಮಕ್ಕಳು ಅವರ ಆಸೆ ಹೇಳುತ್ತವೆ, ತಮ್ಮದು ಹೇಳುವುದಿಲ್ಲ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ನೀಲಿ ಟೋಪಿ, ಮುಖಕ್ಕೆ ಮಾಸ್ಕ್. ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ, ಅವೂ ಬಲು ಜೋರು ಕಣ್ಣು.

‘ನಿನಗೇನು ಬೇಕವ್ವ?’ ಅಂದೆ.

‘ಏನೂ ಬ್ಯಾಡ್ರಿ.’

ನಮ್ಮ ಕಡೆ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಊಟಕ್ಕೆ ಎಬ್ಬಿಸಿದರೂ ಬೇಡ, ಚಹಾಕ್ಕೆ ಕರೆದರೂ ಬೇಡ. ನಾನು ಮತ್ತೆ ಕೇಳಿದೆ, ಮತ್ತೆ ಬೇಡ ಅಂದಳು. ಮೂರನೇ ಸಲ ಕೇಳಿದಾಗ ಬಾಗಿಲ ಕಡೆ ಒಮ್ಮೆ ನೋಡಿ, ‘ನಗಬಾರದು ನೋಡ್ರಿ ಮತ್ತ,’ ಅಂದಳು.

‘ನಗಂಗಿಲ್ಲ, ಹೇಳು.’

‘ಗೈಡ್ ಆಗಬೇಕ್ರಿ. ಹಂಪ್ಯಾಗ.’

ಹೇಳಿದವಳೇ ಎದ್ದು ನಿಂತಳು. ‘ವೆಲ್ಕಮ್ ಟು ಹಂಪಿ, ಮೈ ಡಿಯರ್ ಗೆಸ್ಟ್! ಲೆಫ್ಟ್ ಸೈಡ್ ದೇಖಿಯೇ!’ ಅಬ್ಬಬ್ಬಾ, ಅದೇನು ದನಿ! ಇಂಗ್ಲಿಷು, ಹಿಂದಿ, ನಡುನಡುವೆ ತೆಲುಗು. ಕಾಯಿಲೆ ಬರುವ ಮೊದಲು ರಜೆ ಬಂತೆಂದರೆ ಅಪ್ಪನ ಪಕ್ಕ ಆಟೊದ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದಳಂತೆ. ಅಪ್ಪ ಗಿರಾಕಿಗಳನ್ನು ಇಳಿಸಿ ಕಾಯುವಾಗ ಇವಳು ಗೈಡುಗಳ ಬೆನ್ನು ಹತ್ತಿ ಅವರ ಮಾತನ್ನೆಲ್ಲ ಬಾಯಿಪಾಠ ಮಾಡಿಬಿಟ್ಟಿದ್ದಳು. ಮಣ್ಣಿನ ಗೋಡೆಯನ್ನೇ ಕಮಲ ಮಹಲ್ ಮಾಡಿ, ಜೋಳದ ಚೀಲಗಳನ್ನೇ ಆನೆ ಮಾಡಿ ನಮಗಿಬ್ಬರಿಗೂ ತೋರಿಸಿದಳು. ಸೇಫ್ಟಿ ಸಾಹೇಬರು ಫಾರಂ ತುಂಬುವುದನ್ನೇ ಮರೆತು ಬಾಯಿ ಬಿಟ್ಟು ಕೂತರು.

‘ಮಸ್ತ್!’ ಅಂದೆ ನಾನು.

ಅವಳ ಉತ್ಸಾಹ ಥಟ್ಟನೆ ಇಳಿಯಿತು. ‘ನಿಮಗ ಹೇಳಿದ್ರ ಏನ್ ಬಂತ್ರಿ? ನಿಮಗ ಗೊತ್ತೇ ಐತಿ. ಗೊತ್ತಿಲ್ಲದವರಿಗೆ ಹೇಳಬೇಕು. ಹೊರಗಿನವರಿಗೆ,’ ಅಂದಳು.

ಅವಳು ಹೇಳಿದ್ದು ಹೀಗೆ, ಇಷ್ಟು ಸ್ಪಷ್ಟವಾಗಿ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಮಾತ್ರ ಒಂದೇ ಪದ: ಗೈಡ್.

ಬೆಂಗಳೂರಿನ ಡಾಕ್ಟರು ಫೋನಿನಲ್ಲಿ ಒಪ್ಪಿದರು. ಎರಡು ತಾಸು, ಅದಕ್ಕಿಂತ ಹೆಚ್ಚಿಲ್ಲ. ಬಯಲಿನಲ್ಲಿ, ನೆರಳಿನಲ್ಲಿ, ಮಾಸ್ಕ್ ತೆಗೆಯದೆ. ಗುಂಪು ಬೇಡ, ಕೆಮ್ಮುವವರು ಹತ್ತಿರ ಬರಬಾರದು, ಹೊರಗಿನ ತಿಂಡಿ ಮುಟ್ಟಬಾರದು. ‘ಮೇಡಂ, ಗೊತ್ತಿಲ್ಲದ ಟೂರಿಸ್ಟ್ ಮಂದಿನ್ನ ಹೆಂಗ ನಂಬೋದ್ರಿ?’ ಎಂದು ಸೇಫ್ಟಿ ಸಾಹೇಬರು ತಲೆ ಮೇಲೆ ಕೈ ಇಟ್ಟುಕೊಂಡರು. ಆಗ ನನಗೆ ಹೊಳೆಯಿತು ನೋಡಿ ಉಪಾಯ. ಹೊಳೆದದ್ದಕ್ಕೆ ಎಷ್ಟು ಬೀಗಿದೆ ಅಂದರೆ, ಅವತ್ತು ರಾತ್ರಿ ಅನ್ನ ಎರಡು ಸಲ ಹಾಕಿಸಿಕೊಂಡೆ. ಕಂಪ್ಲಿಯಲ್ಲಿ ನಮ್ಮ ಅಕ್ಕ, ಭಾವ ಇದ್ದಾರೆ. ಇಬ್ಬರಿಗೂ ಕೆಮ್ಮಿಲ್ಲ, ನೆಗಡಿಯಿಲ್ಲ. ಹುಡುಗಿ ಅವರನ್ನು ಕಂಡಿಲ್ಲ. ಅವರನ್ನೇ ದಿಲ್ಲಿಯಿಂದ ಬಂದ ಟೂರಿಸ್ಟ್ ಮಾಡಿಬಿಟ್ಟರೆ?

‘ದಿಲ್ಲಿಯವರಂಗ ಇರಬೇಕಂದ್ರ ನಾ ಸೀರಿ ಹೆಂಗ ಉಡ್ಲೇ?’ ಎಂದು ಅಕ್ಕ ಫೋನಿನಲ್ಲಿ ಕೇಳಿದಳು.

‘ಸೀರಿ ಬ್ಯಾಡ, ಚೂಡಿದಾರ್ ಹಾಕ್ಕೋ.’

‘ಈ ವಯಸ್ಸಿನ್ಯಾಗ? ಬೀಗರು ಕಂಡ್ರ ಏನಂತಾರ!’ ಅಂದಳು. ಅಂದವಳು ಮಾರನೆಯ ದಿನವೇ ಹೋಗಿ ಹೂವಿನ ಚೂಡಿದಾರ್ ತಂದಳು, ಹಾಕಿಕೊಂಡು ಫೋಟೊ ಕಳಿಸಿದಳು. ಭಾವ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಹಿಂದಿಯನ್ನು ಲಾರಿ ಡ್ರೈವರುಗಳಿಂದ ಕಲಿತದ್ದು. ‘ಅಚ್ಛಾ ಅಚ್ಛಾ ಅಂದ್ರ ಸಾಕು, ಮ್ಯಾಲೆ ಬಾಯಿ ಬಿಚ್ಚಬ್ಯಾಡ್ರಿ,’ ಎಂದು ನಾನು ಮೂರು ಸಲ ತಾಕೀತು ಮಾಡಿದೆ.

ಪುರಾತತ್ವ ಇಲಾಖೆಯವರ ಅನುಮತಿ ಪಡೆದೆವು. ಫೋಟೊ ಇರುವ ಗುರುತಿನ ಕಾರ್ಡ್ ಮಾಡಿಸಿ ಕೆಂಪು ದಾರ ಹಾಕಿಸಿದೆವು. ಹಂಪಿಯ ಹಿರಿಯ ಗೈಡೊಬ್ಬರು ವಿಷಯ ಕೇಳಿ ತಮ್ಮ ಕರಿ ಕೊಡೆಯನ್ನೇ ತಂದು ಕೊಟ್ಟರು. ‘ಗೈಡ್ ಅಂದ ಮ್ಯಾಲ ಕೈಯಾಗ ಕೊಡಿ ಬೇಕ್ರಿ. ಮ್ಯಾಲೆ ಎತ್ತಿ ಹಿಡಿದ್ರ ಮಂದಿ ಹಿಂದ ಬರ್ತಾರ,’ ಅಂದರು.

ಹಬ್ಬ ಮುಗಿದ ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಕಮಲ ಮಹಲಿನ ಗೇಟಿನ ಮುಂದೆ ಅಪ್ಪನ ಆಟೊ ಬಂದು ನಿಂತಿತು. ಹುಡುಗಿ ಕೊರಳಲ್ಲಿ ಕಾರ್ಡ್, ಕೈಯಲ್ಲಿ ತನ್ನ ಎದೆಯೆತ್ತರದ ಕೊಡೆ ಹಿಡಿದು ಇಳಿದಳು. ಅವ್ವ ಒಂದು ತೋಳು, ಅಪ್ಪ ಒಂದು ತೋಳು ಹಿಡಿದಿದ್ದರು. ಒಂದು ವರ್ಷದಿಂದ ಹಾಗೆಯೇ ಹಿಡಿದು ಅವರಿಗೆ ರೂಢಿಯಾಗಿಹೋಗಿತ್ತು. ‘ಬಿಡ್ರಿ, ಗೈಡ್‌ನ ಯಾರರ ಹಿಂಗ ಹಿಡ್ಕೊಂತಾರೇನು?’ ಎಂದು ಕೊಸರಿಕೊಂಡಳು. ಅವ್ವ ಟಿಕೆಟ್ ಕೊಡುವ ಕಡೆಯೇ ಒಂದು ಕಲ್ಲಿನ ಮೇಲೆ ಕೂತಳು, ತನ್ನ ಕೈಲಿ ನೋಡಲಾಗುವುದಿಲ್ಲವೆಂದು. ನಾನು ಸೆರಗನ್ನು ಮೂರು ಸಲ ಸರಿ ಮಾಡಿಕೊಂಡೆ. ಸ್ಕೂಲಿನಲ್ಲಿ ಇನ್‌ಸ್ಪೆಕ್ಟರ್ ಬಂದಾಗಲೂ ಹಾಗೆ ಮಾಡಿದವಳಲ್ಲ.

‘ನಮಸ್ತೆ! ಫ್ರಂ ವಿಚ್ ಪ್ಲೇಸ್?’ ಎಂದು ಹುಡುಗಿ ಕೇಳಿದಳು.

‘ದಿಲ್ಲಿ,’ ಅಂದರು ಭಾವ, ಎದೆ ಸೆಟೆದು. ಅಕ್ಕ ಕಪ್ಪು ಕನ್ನಡಕದೊಳಗಿಂದ ತಲೆಯಾಡಿಸಿದಳು. ಹೆಗಲಿಗೆ ದೊಡ್ಡ ಚೀಲ ಇತ್ತು. ಅದರಲ್ಲೇನಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮೊದಲ ಮುಕ್ಕಾಲು ತಾಸು ಏನು ಸೊಗಸು! ಕೊಡೆ ಎತ್ತಿ ಹಿಡಿದು ಹುಡುಗಿ ಮುಂದೆ, ದಿಲ್ಲಿ ದಂಪತಿ ಹಿಂದೆ, ನಾವು ಹತ್ತು ಹೆಜ್ಜೆ ದೂರದಲ್ಲಿ. ಕಮಲ ಮಹಲಿನ ಎದುರು ನಿಂತು, ರಾಣಿಯರು ಬೇಸಿಗೆಯಲ್ಲಿ ಇಲ್ಲಿ ಕೂರುತ್ತಿದ್ದರು, ಗೋಡೆಯೊಳಗೆ ತಣ್ಣೀರು ಹರಿಸಿ ಏರ್ ಕಂಡೀಷನ್ ಮಾಡಿದ್ದರು ಎಂದು ಹೇಳಿದಳು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ‘ಅದಕ್ಕ ಪುರಾವೆ ಇಲ್ಲ...’ ಎಂದು ಹತ್ತು ಹೆಜ್ಜೆ ದೂರದಿಂದಲೇ ಶುರು ಮಾಡಿದೆ. ಹುಡುಗಿ ತಿರುಗಿ ನನ್ನನ್ನು ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು. ಭಾವ ಮಾತ್ರ ಎಲ್ಲದಕ್ಕೂ ‘ಅಚ್ಛಾ ಅಚ್ಛಾ, ಬಹುತ್ ಅಚ್ಛಾ’. ಒಂದು ಸಲ ಉಮೇದಿನಲ್ಲಿ ‘ಭಾಳ ಅಚ್ಛಾ’ ಅಂದುಬಿಟ್ಟರು. ಸೇಫ್ಟಿ ಸಾಹೇಬರು ನನ್ನ ಮೊಣಕೈ ಹಿಡಿದರು. ಪುಣ್ಯಕ್ಕೆ ಹುಡುಗಿ ಗಮನಿಸಿದಂತೆ ಕಾಣಲಿಲ್ಲ.

ಗಜಶಾಲೆಗೆ ಹೋಗುವ ಮುಂಚೆ ಮರದ ನೆರಳಿನಲ್ಲಿ ಸ್ವಲ್ಪ ಕೂತು ದಣಿವಾರಿಸಿಕೊಳ್ಳುವುದೆಂದು ಮೊದಲೇ ಗೊತ್ತು ಮಾಡಿದ್ದೆವು. ಭಾವನಿಗೆ ಸಕ್ಕರೆ ಕಾಯಿಲೆ, ಹತ್ತು ಗಂಟೆಗೆ ಏನಾದರೂ ತಿನ್ನಲೇಬೇಕು. ಬಿಸ್ಕತ್ತು ಸಾಕಿತ್ತು. ಆದರೆ ಕಂಪ್ಲಿಯ ಹೆಣ್ಣುಮಗಳು, ಅದೂ ಸಂಕ್ರಾಂತಿಯ ವಾರದಲ್ಲಿ, ಹೊಳೆಯ ಕಡೆ ಹೊರಟಾಗ ಬುತ್ತಿ ಕಟ್ಟದೆ ಮನೆಯ ಹೊಸ್ತಿಲು ದಾಟುತ್ತಾಳೆಯೇ? ಕಾವಲಿನವರಿಗೆ ಕಾಣದಂತೆ ಅಕ್ಕ ದುಪಟ್ಟಾದ ಮರೆಯಲ್ಲಿ ಚೀಲ ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ನಾನು ದೂರದಿಂದ ಕೈಸನ್ನೆ ಮಾಡಿದೆ, ಕಣ್ಣು ಬಿಟ್ಟೆ, ಕೆಮ್ಮಿದೆ. ಸೇಫ್ಟಿ ಸಾಹೇಬರು ಕೆಮ್ಮಿದ್ದು ಯಾರೆಂದು ಗಾಬರಿಯಿಂದ ತಿರುಗಿ ನೋಡಿದರು. ಅಕ್ಕ ಮಾತ್ರ ನನ್ನ ಕಡೆ ನೋಡಲೇ ಇಲ್ಲ.

ರೊಟ್ಟಿ ಒಂದೇ ಆಗಿದ್ದರೆ ಏನಾದರೂ ಹೇಳಿ ಪಾರಾಗುತ್ತಿದ್ದೆವೇನೋ. ಆದರೆ ಎದುರಿಗೆ ಮಗು ನಿಂತಿದೆ. ಮಕ್ಕಳ ಮುಂದೆ ಅವರಿಗೆ ಕೊಡದೆ ತಿನ್ನಬಾರದು, ನಮ್ಮವ್ವ ನಮಗೆ ಹೊಡೆದು ಕಲಿಸಿದ ಪಾಠ ಅದು. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು, ಬಾಯಿಯೂ ತಾನಾಗಿ ತೆರೆಯಿತು. ‘ಬಾರವ್ವ ನಮ್ಮವ್ವ, ನಿಂತ ನಿಂತ ಸಾಕಾಗಿರಬೇಕು. ಒಂದ್ ತುತ್ತು ತಿನ್ನು ಬಾ,’ ಅಂದಳು.

ಹುಡುಗಿ ಕೊಡೆಯನ್ನು ಕೆಳಗಿಳಿಸಿದಳು. ‘ದಿಲ್ಲ್ಯಾಗ ಸಜ್ಜಿ ರೊಟ್ಟಿ ಮಾಡ್ತಾರೇನ್ರಿ?’ ಎಂದು ಕೇಳಿದಳು.

ಭಾವ ಕೈಯಲ್ಲಿದ್ದ ತುಂಡನ್ನು ಬಾಯಿಗಿಡಲೂ ಆಗದೆ, ಕೆಳಗಿಡಲೂ ಆಗದೆ ಹಿಡಿದುಕೊಂಡು ಕೂತರು. ಕೊನೆಗೆ, ‘ಥೋಡಾ ಥೋಡಾ ಕರ್ತಾ ಹೈ,’ ಅಂದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಹುಡುಗಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಕೊರಳಿನ ಕಾರ್ಡ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ಓಡಿ ಹೋಗಿ ಪಕ್ಕದಲ್ಲಿ ಕೂತು, ‘ಎಷ್ಟ್ ಛಂದ ಹೇಳಿದೆವ್ವ ನೀನು, ಮಸ್ತ್...’ ಅನ್ನುವಷ್ಟರಲ್ಲಿ ಅವಳಿಗೆ ರೇಗಿತು.

‘ಮಸ್ತ್ ಅನ್ನಬ್ಯಾಡ್ರಿ! ಆಸ್ಪತ್ರ್ಯಾಗ ಚಿತ್ರ ಬರದ್ರೂ ಮಸ್ತ್, ಗುಳಿಗಿ ನುಂಗಿದ್ರೂ ಮಸ್ತ್. ವಾಂತಿ ಮಾಡ್ಕೊಂಡ್ರೂ ಗುಡ್ ಗರ್ಲ್ ಅಂತಾರ್ರಿ. ಮನ್ಯಾಗ ಕೇರಂ ಆಡಿದ್ರ ನಮ್ಮ ತಮ್ಮ ಬೇಕಂತನ ಸೋಲ್ತಾನ. ಖರೇ ಖರೇ ಯಾರೂ ಏನೂ ಹೇಳಂಗಿಲ್ಲ ನನಗ. ಅದಕ್ಕ ಹೊರಗಿನವರು ಬೇಕು ಅಂದಿದ್ದೆ. ನಿಮಗ ಹೇಳಿದ್ದೆ ನಾ.’

ಹೇಳಿದ್ದಳು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಪ್ರಶ್ನೆ ಸರಿಯಾಗಿ ಓದಿ ಉತ್ತರ ಬರೀರಿ’ ಎಂದು ಬೈದವಳು ನಾನು. ಅಪ್ಪ ಬಂದು, ‘ಇರ್ಲಿ ಬಿಡ್ರಿ ಟೀಚರ್, ನೀವರ ಏನ್ ಮಾಡ್ತೀರಿ. ಮನಿಗೆ ಹೋಗೋಣ,’ ಅಂದ. ಸೇಫ್ಟಿ ಸಾಹೇಬರು ಗಡಿಯಾರ ನೋಡಿ, ಇನ್ನು ಮುಕ್ಕಾಲು ತಾಸು ಇದೆ ಅಂದರು. ಸೋಮವಾರ ಅವಳು ಬೆಂಗಳೂರಿಗೆ ಹೋಗುತ್ತಾಳೆ. ಈ ಮುಕ್ಕಾಲು ತಾಸು ಬಿಟ್ಟರೆ ಬೇರೆ ದಿನವಿಲ್ಲ. ನನ್ನ ಮೇಲೇ ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಕಾಲು ನಿಲ್ಲುವುದಿಲ್ಲ.

‘ಏಳವ್ವ. ಕಾರ್ಡ್ ಹಾಕ್ಕೋ. ಹೊರಗಿನವರನ್ನ ಹುಡುಕೋಣ ನಡಿ,’ ಅಂದೆ.

‘ಮೇಡಂ, ರಿಸ್ಕ್...’ ಎಂದು ಶುರು ಮಾಡಿದ ಸೇಫ್ಟಿ ಸಾಹೇಬರು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಹುಡುಗಿಯ ಅಪ್ಪನ ಮುಖ ನೋಡಿದರು, ಅವನು ಹೂಂ ಎಂದು ತಲೆಯಾಡಿಸಿದ. ಆಮೇಲೆ ಏನು ಮಾಡಿದರು ಗೊತ್ತೇ? ತಾವೇ ಮುಂದೆ ಮುಂದೆ ಹೊರಟರು. ಯಾರು ಕೆಮ್ಮುತ್ತಾರೆ, ಯಾರ ಮೂಗು ಸೋರುತ್ತದೆ ಎಂದು ನೋಡುತ್ತ, ಗಣಿಯಲ್ಲಿ ಮದ್ದು ಸಿಡಿಸುವ ಮೊದಲು ಜಾಗ ಖಾಲಿ ಮಾಡಿಸುವ ಹಾಗೆ ದಾರಿ ತೆರವು ಮಾಡಿಸತೊಡಗಿದರು. ಅವರ ಮೇಲೆ ನನಗಿದ್ದ ಹಳೆಯ ಸಿಟ್ಟೆಲ್ಲ ಆ ಹೊತ್ತಿಗೆ ಇಳಿದುಹೋಯಿತು.

ಹುಡುಗಿ ನನ್ನ ಸೆರಗು ಜಗ್ಗಿದಳು. ‘ನನಗ ಆರಾಮಿಲ್ಲ ಅಂತ ಅವರಿಗೆ ಹೇಳಬಾರದು. ಆಣೆ ಮಾಡ್ರಿ.’

‘ಆಣೆ ಗೀಣೆ ಯಾಕ? ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ,’ ಅಂದೆ.

ಗಜಶಾಲೆಯ ಎದುರು ಒಂದು ಹೊಸ ಜೋಡಿ ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿತ್ತು. ಸೇಫ್ಟಿ ಸಾಹೇಬರು ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಹುಡುಗಿ ನೇರ ಹೋಗಿ, ನಾಲ್ಕು ಹೆಜ್ಜೆ ಈಚೆ ನಿಂತು, ‘ಗುಡ್ ಮಾರ್ನಿಂಗ್ ಸರ್! ಗೈಡ್? ಟ್ರೇನಿಂಗ್ ಮೇ ಹೂಂ, ಫ್ರೀ!’ ಅಂದಳು. ಆ ಹುಡುಗ ತಲೆ ಎತ್ತಲೂ ಇಲ್ಲ. ‘ನಹೀ ಚಾಹಿಯೇ. ಯೂಟ್ಯೂಬ್ ಮೇ ದೇಖ್ ಲಿಯಾ,’ ಎಂದು ಕೈ ಬೀಸಿದ.

ನನ್ನ ಮೈ ಉರಿದುಹೋಯಿತು. ಹೋಗಿ ಅವನ ಫೋನು ಕಸಿದು, ಆ ಮಗು ಯಾರು, ಯಾವ ಸ್ಥಿತಿಯಲ್ಲಿ ಬಂದು ಕೇಳುತ್ತಿದೆ ಗೊತ್ತೇನಲೇ ನಿನಗೆ ಎಂದು ಕೇಳಬೇಕೆನ್ನಿಸಿತು. ಎರಡು ಹೆಜ್ಜೆ ಇಟ್ಟೂ ಬಿಟ್ಟೆ. ಅಷ್ಟರಲ್ಲಿ ಹುಡುಗಿ ನನ್ನ ಕಡೆ ಓಡಿ ಬಂದಳು. ಕಣ್ಣು ಇಷ್ಟಗಲ ಆಗಿತ್ತು.

‘ಟೀಚರ್! ನೋಡಿದ್ರೇನು? ಬ್ಯಾಡ ಅಂದ್ರು!’ ಅಂದಳು. ‘ನನಗ ಬ್ಯಾಡ ಅಂದ್ರು!’

ಹಬ್ಬದ ಬಟ್ಟೆ ಸಿಕ್ಕ ಮಗು ಹೇಳಿದ ಹಾಗೆ ಹೇಳಿದಳು ಅದನ್ನು. ಒಂದು ವರ್ಷದಿಂದ ಅವಳಿಗೆ ಯಾರೂ ಇಲ್ಲ ಅಂದಿರಲಿಲ್ಲ, ಬೇಡ ಅಂದಿರಲಿಲ್ಲ. ಕೇಳುವ ಮೊದಲೇ ಎಲ್ಲ ಕೈಗೆ ಬರುತ್ತಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನೂ ನಕ್ಕೆ.

ಎರಡನೆಯವರು ಮರದ ಬುಡದಲ್ಲಿ ಒಬ್ಬರೇ ಕೂತಿದ್ದ ಹೆಂಗಸು. ನನ್ನದೇ ವಯಸ್ಸು, ಭಾರಿ ಮೈ, ಮೊಣಕಾಲಿಗೆ ಪಟ್ಟಿ. ನಾಗಪುರದವರಂತೆ. ಮಗ ಸೊಸೆ ಮತಂಗ ಬೆಟ್ಟ ಹತ್ತಲು ಹೋಗಿದ್ದರು, ಇವರು ಇಲ್ಲಿ ಅವರಿಗಾಗಿ ಕಾಯುತ್ತಿದ್ದರು. ಹುಡುಗಿ ಕೇಳಿದ್ದಕ್ಕೆ ಅವರೂ ಮೊದಲು ಬೇಡ ಅಂದರು. ಹುಡುಗಿ ಬಿಡಲಿಲ್ಲ. ‘ಮ್ಯಾಡಂ, ಓನ್ಲಿ ಹಾಫ್ ಅವರ್. ಸುಮ್ಮನೆ ಕೂತು ಏನು ಮಾಡುತ್ತೀರಿ?’ ಎಂದು ಹಿಂದಿಯಲ್ಲಿ ಹೇಳಿದಳು. ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಮಾಸ್ಕ್ ಯಾಕೆ ಅಂದರು.

‘ಧೂಳ್ ಅಲರ್ಜಿ,’ ಅಂದಳು ನಮ್ಮ ಗೈಡು, ಕಣ್ಣು ಮಿಟುಕಿಸದೆ.

ಹೊರಟಿತು ಸವಾರಿ. ಕೊಡೆ ಮೇಲೆ ಎತ್ತಿ ಹುಡುಗಿ ಮುಂದೆ ಮುಂದೆ, ಹೆಂಗಸು ಕುಂಟುತ್ತ ಹಿಂದೆ, ನಾವೆಲ್ಲ ಸಂಬಂಧವೇ ಇಲ್ಲದವರ ಹಾಗೆ ದೂರದಲ್ಲಿ. ಹನ್ನೊಂದು ಕೋಣೆ ತೋರಿಸಿದಳು, ಮೇಲಿನ ಗುಮ್ಮಟ ಎಲ್ಲ ಒಂದೇ ಥರ ಇಲ್ಲ ನೋಡಿ ಎಂದು ಎಣಿಸಿ ಎಣಿಸಿ ತೋರಿಸಿದಳು. ಹೆಂಗಸು ಅಚ್ಛಾ ಅನ್ನುವ ಪೈಕಿಯೇ ಅಲ್ಲ! ಅದು ಯಾಕೆ, ಇದು ಹೇಗೆ, ಯಾರು ಹೇಳಿದ್ದು ಎಂದು ಅಡಿಗಡಿಗೆ ನಿಲ್ಲಿಸಿ ಕೇಳುತ್ತಿದ್ದರು. ಹುಡುಗಿ ಬೆವರುತ್ತಿದ್ದಳು, ಹೊಳೆಯುತ್ತಿದ್ದಳು. ‘ಅರೆ ಬೇಟಾ, ಧೀರೇ ಧೀರೇ!’ ಮೆಲ್ಲಗೆ ನಡೆ ಎಂದು ಹೆಂಗಸು ಹಿಂದಿನಿಂದ ಎರಡು ಸಲ ಕೂಗಿದರು.

ಕೊನೆಯ ಕೋಣೆಯ ಹತ್ತಿರ ಅವರು ಕೇಳಿದರು: ‘ಇಷ್ಟು ಆನೆಗಳಿಗೆ ನೀರು ಎಲ್ಲಿಂದ ಬರುತ್ತಿತ್ತು?’

ಹುಡುಗಿ ನಿಂತಳು. ಬಾಯಿಪಾಠದಲ್ಲಿ ಅದು ಇರಲಿಲ್ಲ. ನನಗೆ ಗೊತ್ತಿತ್ತು! ಕೆರೆ, ಕಾಲುವೆ, ಕಲ್ಲಿನ ದೋಣಿ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ ಪಾಠ. ಉತ್ತರ ಗಂಟಲ ತನಕ ಬಂದು ನಿಂತಿತು. ಸೆರಗು ಬಾಯಿಗೆ ತುರುಕಿಕೊಂಡೆ.

‘ನಹೀ ಮಾಲೂಂ,’ ಅಂದಳು ಹುಡುಗಿ. ಆಮೇಲೆ ತಲೆ ಎತ್ತಿ, ‘ಕೇಳಿ ತಿಳ್ಕೊಂಡಿರ್ತೀನಿ. ಮುಂದಿನ ವರ್ಷ ಬರ್ರಿ, ಹೇಳ್ತೀನಿ,’ ಎಂದು ಕನ್ನಡದಲ್ಲಿ ಹೇಳಿ, ನೆನಪಾಗಿ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದಳು. ಎಲ್ಲ ಗೈಡುಗಳೂ ಎಲ್ಲ ಗಿರಾಕಿಗಳಿಗೂ ಹೇಳುವ ಮಾತು ಅದು. ನನ್ನ ಪಕ್ಕದಲ್ಲಿ ನಿಂತಿದ್ದ ಅವಳ ಅಪ್ಪ ತಿರುಗಿ ಗೋಡೆಯ ಕಡೆ ಮುಖ ಮಾಡಿದ. ನನಗೂ ಅಳು ಬಂತು.

ಹೆಂಗಸು ಕಟ್ಟೆಯ ಮೇಲೆ ಉಸ್ಸೆಂದು ಕೂತು ತೀರ್ಪು ಕೊಟ್ಟರು. ‘ದನಿ ಚೆನ್ನಾಗಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ, ಅದೂ ಸರಿ. ಆದರೆ ಬಹಳ ಜೋರಾಗಿ ನಡೆಯುತ್ತೀಯ ಹುಡುಗಿ! ಗೈಡ್ ಆದವಳು ಹಿಂದಿರುವವರ ಕಾಲು ನೋಡಬೇಕು. ನನ್ನ ಮೊಣಕಾಲು ಹೋಯಿತು ಇವತ್ತು.’

‘ಸಾರಿ ಮ್ಯಾಡಂ. ನೆಕ್ಸ್ಟ್ ಟೈಮ್ ಸ್ಲೋ,’ ಎಂದು ಹುಡುಗಿ ತಲೆ ತಗ್ಗಿಸಿದಳು. ತಲೆ ತಗ್ಗಿಸಿಕೊಂಡೇ ಕೊಡೆಯನ್ನು ಎದೆಗೆ ಅವಚಿಕೊಂಡು ಅಪ್ಪನ ಕಡೆ ಹೊರಟಳು. ಆ ಹೆಂಗಸು ನನ್ನ ಕಡೆ ತಿರುಗಿ, ಮೊಮ್ಮಗಳೇ ಎಂದು ಕೇಳಿದರು. ನಾವು ಎಷ್ಟೇ ದೂರ ನಿಂತಿದ್ದರೂ ಅವಳ ಜೊತೆ ಬಂದವರು ಅನ್ನುವುದು ಅವರ ಕಣ್ಣಿಗೆ ಕಂಡೇ ಇತ್ತು ನೋಡಿ. ಹೌದು ಅಂದೆ. ಅಷ್ಟೇ ಆಡಿದ ಮಾತು.

ಟಿಕೆಟ್ ಕೊಡುವಲ್ಲಿ ಅಕ್ಕ, ಭಾವ ಬುತ್ತಿಯ ಚೀಲ ಹಿಡಿದು, ತಪ್ಪು ಮಾಡಿದ ಮಕ್ಕಳ ಹಾಗೆ ನಿಂತಿದ್ದರು. ಹುಡುಗಿ ಅವರ ಎದುರು ನಿಂತು, ‘ಆಸ್ಪತ್ರಿಯಿಂದ ವಾಪಸ್ ಬಂದ ಮ್ಯಾಲ ಎಣ್ಣಿಗಾಯಿ ಮಾಡ್ಕೊಂಡು ಬರ್ರಿ. ಈಗ ತಿನ್ನಂಗಿಲ್ಲ ನಾ,’ ಅಂದಳು. ಅಕ್ಕ ಅವಳ ಮುಖ ಮುಟ್ಟದೆಯೇ, ಗಾಳಿಯಲ್ಲೇ ದೃಷ್ಟಿ ತೆಗೆದು ನೆಟಿಕೆ ಮುರಿದಳು.

ಸೋಮವಾರ ಅವರು ಹೋದರು. ತಮ್ಮನ ಮಜ್ಜೆ ಹಾಕಿದ್ದೂ ಆಯಿತು. ಅಪ್ಪ ಆಗಾಗ ಫೋನ್ ಮಾಡುತ್ತಿದ್ದ. ಅವಳಿಗೆ ಬಾಯೆಲ್ಲ ಹುಣ್ಣು, ಮಾತಾಡುವುದಿಲ್ಲ. ದಿನಾ ಹಾಸಿಗೆಯಿಂದ ಬಾಗಿಲ ತನಕ ನಡೆಯಬೇಕು ಅಂತ ಡಾಕ್ಟರು ಹೇಳಿದ್ದಾರೆ. ನಾಲ್ಕು ದಿನದಿಂದ ಎದ್ದಿಲ್ಲ, ಕಾಲಿನಲ್ಲಿ ಶಕ್ತಿ ಇಲ್ಲ ಅನ್ನುತ್ತಾಳೆ, ಯಾರ ಮಾತೂ ಕೇಳುವುದಿಲ್ಲ ಎಂದು ಒಂದು ದಿನ ಹೇಳಿದ. ಮಾರನೆಯ ದಿನ ಮಧ್ಯಾಹ್ನ ವಿಡಿಯೊ ಕರೆ ಬಂತು. ಹುಡುಗಿಯೇ. ಮುಖ ಊದಿತ್ತು. ಕಣ್ಣು ಅವೇ ಕಣ್ಣು.

‘ಟೀಚರ್, ಒಂದ್ ಕೇಳ್ತೀನಿ, ಖರೇ ಹೇಳ್ರಿ. ಆ ನಾಗಪುರದ ಮ್ಯಾಡಂಗೆ ನೀವು ಹೇಳಿದ್ರಿ, ಹೌದಿಲ್ಲೋ?’

‘ಏನಂತ?’

‘ನನಗ ಆರಾಮಿಲ್ಲ ಅಂತ. ಕಡೀಕ ಆಕಿ ಕೂಡ ಮಾತಾಡಿದ್ರಿ ನೀವು. ನಾ ತಿರುಗಿ ನೋಡೀನಿ.’

‘ಮೊಮ್ಮಗಳೇನು ಅಂತ ಕೇಳಿದ್ರು. ಹೌದು ಅಂದೆ. ಅಷ್ಟ.’

‘ಆಣೆ?’

‘ನನ್ನಾಣೆ.’

‘ನಿಮ್ಮಾಣೆ ಬ್ಯಾಡ. ನನ್ನ ತೆಲಿ ಮ್ಯಾಲ ಆಣೆ ಮಾಡ್ರಿ.’

ಮಕ್ಕಳ ತಲೆಯ ಮೇಲೆ ತಮಾಷೆಗೂ ಆಣೆ ಇಡಬಾರದೆಂದು ಬೆಳೆದವಳು. ಸುಳ್ಳಾಣೆ ಮಾಡಿದರೆ ಅದು ಆ ಮಗುವಿಗೇ ತಟ್ಟುತ್ತದೆ. ಪುರಾವೆ ಇಲ್ಲದ್ದನ್ನು ನಂಬಬಾರದು ಎಂದು ಸಾವಿರ ಮಕ್ಕಳಿಗೆ ಹೇಳಿದವಳಿಗೂ, ಆ ಹಾಸಿಗೆಯಲ್ಲಿ ಮಲಗಿರುವ ಮಗುವಿನ ತಲೆಯ ಮೇಲೆ ನಿಜದ ಆಣೆ ಇಡಲೂ ಭಯ. ನಾನು ಸುಮ್ಮನಿದ್ದದ್ದನ್ನು ನೋಡಿ ಅವಳು ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸತೊಡಗಿದಳು. ನನ್ನ ಮೌನವನ್ನೇ ಉತ್ತರ ಮಾಡಿಕೊಳ್ಳುತ್ತಿದ್ದಳು.

‘ನಿನ್ನ ತೆಲಿ ಮ್ಯಾಲ ಆಣೆ ಮಾಡಿ ಹೇಳ್ತೀನವ್ವ,’ ಅಂದೆ. ‘ನಾ ಹೇಳಿಲ್ಲ. ನಮ್ಮ ಪೈಕಿ ಯಾರೂ ಹೇಳಿಲ್ಲ. ಆಕಿಗೆ ಏನಂದ್ರ ಏನೂ ಗೊತ್ತಿಲ್ಲ.’

ಅವಳು ಮುಖವನ್ನು ಮತ್ತೆ ನನ್ನ ಕಡೆ ತಿರುಗಿಸಿದಳು.

‘ಹಂಗಾದ್ರ ನಾ ಖರೇನ ಜೋರ್ ನಡೀತಿದ್ದೆ,’ ಅಂದಳು.

ಫೋನನ್ನು ಹಾಸಿಗೆಯ ಮೇಲೆ ಇಟ್ಟುಬಿಟ್ಟಳು. ಕಟ್ ಮಾಡಲು ಮರೆತಿದ್ದಳು. ನನಗೆ ಕಾಣುತ್ತಿದ್ದುದು ಬಿಳಿ ಚಾವಣಿ, ಒಂದು ಟ್ಯೂಬ್‌ಲೈಟ್ ಅಷ್ಟೇ. ‘ಸಿಸ್ಟರ್, ಬರ್ರಿ, ಬಾಗಿಲ ತನಕ ಹೋಗೋಣ,’ ಅಂದದ್ದು ಕೇಳಿಸಿತು. ಮಂಚ ಕಿರ್ ಅಂದಿತು. ಆಮೇಲೆ ರಬ್ಬರ್ ಚಪ್ಪಲಿಯ ಸದ್ದು, ನಿಂತು ನಿಂತು, ಒಂದೊಂದೇ. ನಾನು ಫೋನು ಕಿವಿಗೊತ್ತಿಕೊಂಡು ಕೂತೆ. ‘ಮೆಲ್ಲಗೆ, ಮೆಲ್ಲಗೆ’ ಎಂದು ಸಿಸ್ಟರ್ ಅವಳ ಹಿಂದೆ ಹೇಳುತ್ತಿದ್ದರು.